ಹಿತ್ತಲ ಪುಂಡಿ ಮತ್ತು ನನ್ನ ಭೂಗತ ಕೀರ್ತಿ

ಗೌರವ ಎನ್ನುವುದು ವಿಚಿತ್ರ ವಸ್ತು. ಹುಡುಕಿಕೊಂಡು ಹೋದವನಿಗೆ ಸಿಗುವುದಿಲ್ಲ. ಸಿಕ್ಕಿದರೂ ಅವನು ಬಯಸಿದ ಕಾರಣಕ್ಕೆ ಸಿಗುವುದಿಲ್ಲ. ನಾನು ಹುಟ್ಟಿನಿಂದಲೇ ಕಾನೂನಿಗೆ ಹೆದರುವ ಮನುಷ್ಯ. ವಿಮಾನ ನಿಲ್ದಾಣದಲ್ಲಿ ಯಾರೂ ಕೇಳದಿದ್ದರೂ ಹುಣಸೆಹಣ್ಣಿನ ಪೊಟ್ಟಣವನ್ನು ನಾನಾಗಿಯೇ ತೆಗೆದು ತೋರಿಸುವವನು. ರಸ್ತೆಯಲ್ಲಿ ಒಂದು ಕಾರೂ ಇಲ್ಲದಿದ್ದರೂ ಹಸಿರು ದೀಪ ಬರುವ ತನಕ ನಿಂತಿರುತ್ತೇನೆ. ನನ್ನ ಹಿಂದೆ ಬಂದವರು ದಾಟಿಹೋಗಿ, ಕಾಫಿ ಕೊಂಡು, ವಾಪಸ್ಸೂ ಬಂದಿರುತ್ತಾರೆ. ಆಫೀಸಿನಲ್ಲಿ ನನ್ನ ಕೆಲಸವೂ ಬೇರೆಯವರು ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ನೋಡುವುದೇ. ಇಂಥ ಕೆಲಸದವನನ್ನು ಯಾವ ದೇಶದಲ್ಲೂ ಯಾರೂ ಮೆಚ್ಚುವುದಿಲ್ಲ. ಅಂಥ ನನ್ನನ್ನು ಮೆಲ್ಬರ್ನ್‌ನಲ್ಲಿ ಒಬ್ಬ ಹಿರಿಯರು ಇಡೀ ಒಂದು ಬೇಸಿಗೆ, ಕೈಮುಗಿಯುವುದೊಂದು ಬಾಕಿ ಎನ್ನುವಷ್ಟು ಭಕ್ತಿಯಿಂದ ನೋಡಿದರು. ಕಾರಣ ಇಷ್ಟೇ. ನಾನು ಹಿತ್ತಲಲ್ಲಿ ಗಾಂಜಾ ಬೆಳೆಯುತ್ತಿದ್ದೇನೆ ಎಂದು ಅವರು ತಿಳಿದಿದ್ದರು.

ನಾನು ಬೆಳೆಯುತ್ತಿದ್ದದ್ದು ಪುಂಡಿ. ನಾನು ಉಡುಪಿ ಕಡೆಯವನು, ಮನೆಮಾತು ತುಳು; ನಮ್ಮಲ್ಲಿ ಪುಂಡಿ ಎಂದರೆ ಹಬೆಯಲ್ಲಿ ಬೆಂದ ಅಕ್ಕಿಯ ಉಂಡೆ. ಹೆಂಡತಿ ಗಿರಿಜಾ ಧಾರವಾಡದವಳು. ಅವಳಿಗೆ ಪುಂಡಿ ಎಂದರೆ ಹುಳಿಹುಳಿಯಾದ ಸೊಪ್ಪು. ಅದನ್ನು ನುಚ್ಚು, ಬೇಳೆ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಜೋಳದ ರೊಟ್ಟಿಯ ಮೇಲೆ ಹಾಕಿಕೊಂಡು ತಿನ್ನುವಾಗ ಅವಳು ಗಂಡ, ಮಗಳು, ಮಾರ್ಟ್‌ಗೇಜ್ ಯಾವುದನ್ನೂ ನೆನೆಯುವುದಿಲ್ಲ. ಮೆಲ್ಬರ್ನ್‌ನ ನಮ್ಮ ಬಡಾವಣೆ ಡ್ಯಾಂಡಿನಾಂಗ್‌ನ ಅಂಗಡಿಯಿಂದ ನಾನು ಆಸೆಪಟ್ಟು ತಂದ ಕಟ್ಟನ್ನು ಒಮ್ಮೆ ಮೂಸಿ ನೋಡಿ, "ಇದು ಆಂಧ್ರದ ಗೋಂಗೂರಾ ರೀ. ನಮ್ಮ ಪುಂಡಿ ಬ್ಯಾರೆನ" ಎಂದು ಪಕ್ಕಕ್ಕಿಟ್ಟಳು. ಕೊನೆಗೆ ಊರಿನ ಇನ್ನೊಂದು ತುದಿಯ ಟಾರ್ನೀಟ್‌ನಲ್ಲಿರುವ ಅವಳ ಬೆಳಗಾವಿಯ ಗೆಳತಿ ತನ್ನ ಗಿಡದ್ದೇ ಬೀಜ ಕೊಟ್ಟಳು. ಬಿತ್ತುವ ಕೆಲಸ ನನ್ನ ಪಾಲಿಗೆ ಬಂತು.

ಆದರೆ ನಮ್ಮ ಹಿತ್ತಲಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಮೊದಲು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿದ್ದಾಗ ಇದಕ್ಕೆ ತದ್ವಿರುದ್ಧ. ಹೊಸ ಬಡಾವಣೆ, ಕಣ್ಣು ಹಾಯುವಷ್ಟು ದೂರ ಬರೀ ಹೆಂಚು. ನೆರಳು ಬೇಕೆಂದರೆ ನಮ್ಮ ಕಾರಿನ ಮಗ್ಗುಲಲ್ಲಿ ನಿಲ್ಲಬೇಕು. ಅಲ್ಲಿ ಬೆಂದು ಬಂದವರು ಡ್ಯಾಂಡಿನಾಂಗ್‌ನ ಹಳೇ ಮನೆಯನ್ನು ಕೊಂಡದ್ದೇ ಪಕ್ಕದ ಮನೆಯ ದೊಡ್ಡ ಮರದ ನೆರಳು ನೋಡಿ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನೆ, ಆ ಮರ ಇರುವುದೂ ಉತ್ತರಕ್ಕೇ ಎನ್ನುವುದು ನನ್ನ ತಲೆಗೆ ಹೊಳೆಯುವಷ್ಟರಲ್ಲಿ ಬ್ಯಾಂಕಿನವರು ಸಹಿ ಹಾಕಿಸಿಕೊಂಡಾಗಿತ್ತು. ಕೊಂಬೆ ಸ್ವಲ್ಪ ಕತ್ತರಿಸುತ್ತೀರಾ ಎಂದು ಪಕ್ಕದ ಮನೆಯ ಕೆವಿನ್‌ರನ್ನು ಎಷ್ಟೋ ಸಲ ಕೇಳಿದ್ದೆ. ಅವರು ಒಂಟಿಯಾಗಿರುವ ನಿವೃತ್ತ ಹೆಡ್‌ಮಾಸ್ಟರ್. ನಮ್ಮ ಕಸದ ಡಬ್ಬಿ ಗೆರೆಯಿಂದ ಒಂದು ಗೇಣು ಈಚೆಗಿದ್ದರೂ ಬಾಗಿಲು ತಟ್ಟುವವರು. ಪ್ರತಿ ಸಲವೂ "ಮರ ಮನೆಗಿಂತ ಹಳೆಯದು" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಅದರಾಚೆಗೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ.

ಪುಂಡಿ ಗಿಡದ ಒಂದು ಗುಟ್ಟು ನನಗೆ ಗೊತ್ತಿರಲಿಲ್ಲ. ಎಳೆಯದರಲ್ಲಿ ಅದರ ಎಲೆ ಸಾಧು ಸ್ವಭಾವದ್ದು, ವೀಳ್ಯದೆಲೆಯ ಆಕಾರ. ಎತ್ತರವಾದಂತೆ ಎಲೆ ಸೀಳಿಕೊಂಡು, ಬೆರಳು ಬೆರಳಾಗಿ, ಅಂಚಿಗೆ ಗರಗಸ ಮೂಡಿ, ಪೋಲಿ ಹುಡುಗರ ಟೀಶರ್ಟಿನ ಮೇಲೆ ಇರುತ್ತದಲ್ಲ, ಆ ಎಲೆಯೇ ಆಗಿಬಿಡುತ್ತದೆ. ಒಂದು ಸಂಜೆ ಲುಂಗಿ ಎತ್ತಿ ಕಟ್ಟಿಕೊಂಡು ನೀರು ಹಾಕುತ್ತಿದ್ದೆ. ಬೇಲಿಯ ಮೇಲೆ ಕೆವಿನ್‌ರ ತಲೆ ಕಾಣಿಸಿತು. ಬಹಳ ಹೊತ್ತು ನೋಡಿ, ಮೆಲ್ಲಗೆ, "ನಾನು ಏನೂ ನೋಡಿಲ್ಲ, ಮೇಟ್" ಎಂದರು. ಲುಂಗಿಯ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ಅದನ್ನು ಕೆಳಗಿಳಿಸಿ "ಥ್ಯಾಂಕ್ ಯೂ" ಎಂದೆ.

"ಈ ನೆರಳಿನಲ್ಲಿ ಇಷ್ಟು ಎತ್ತರ! ಯಾರಿಗೋಸ್ಕರ ಬೆಳೆಸುತ್ತಿದ್ದೀ?"

"ಹೆಂಡತಿಗೆ. ಅವಳಿಗೆ ಇದಿಲ್ಲದೆ ಆಗುವುದೇ ಇಲ್ಲ."

"ನಿನ್ನ ಹೆಂಡತಿಗೆ!" ಅವರ ಬಿಳಿ ಹುಬ್ಬು ಮೇಲೇರಿತು.

"ಅವಳ ಕಡೆಯವರೆಲ್ಲರಿಗೂ. ಅವಳ ಅಜ್ಜಿಯಂತೂ ದಿನಾ ಮಧ್ಯಾಹ್ನ ತಿಂದು ಮಲಗುತ್ತಿದ್ದರಂತೆ."

"ಅಜ್ಜಿ," ಎಂದು ಕೆವಿನ್ ಉಸುರಿದರು. ಆ ದನಿಯಲ್ಲಿದ್ದ ಭಕ್ತಿಯನ್ನು ನಾನು ಉತ್ತರ ಕರ್ನಾಟಕದ ಊಟಕ್ಕೆ ಸಂದ ಗೌರವ ಎಂದೇ ಭಾವಿಸಿದೆ.

ಒಳಗೆ ಬಂದು ಹೇಳಿದಾಗ ಮಗಳು ಅನ್ವಿ ಹಣೆ ಚಚ್ಚಿಕೊಂಡಳು. ಹೈಸ್ಕೂಲು ಓದುವ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಪ್ಪಾ, ಹಿ ಥಿಂಕ್ಸ್ ಯೂ ಆರ್ ಗ್ರೋಯಿಂಗ್ ಡ್ರಗ್ಸ್" ಎಂದು ಫೋನಿನಲ್ಲಿ ಗಾಂಜಾ ಎಲೆಯ ಚಿತ್ರ ತೋರಿಸಿದಳು. ನಾನು ಕೂಡಲೇ ಕಾನೂನು ಹುಡುಕಿ ಓದಿದೆ. ಕ್ಯಾನ್‌ಬೆರಾದಲ್ಲಿ ಒಂದೆರಡು ಗಿಡಕ್ಕೆ ಅನುಮತಿ ಇದೆಯಂತೆ; ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಒಂದಕ್ಕೂ ಇಲ್ಲ. ಬೆಳಗಾಗುತ್ತಲೇ ಹೋಗಿ ನಿಜ ಹೇಳಿಬಿಡಬೇಕು ಎಂದು ನಿಶ್ಚಯಿಸಿದೆ.

ಬೆಳಗ್ಗೆ ಹಿತ್ತಲ ಬಾಗಿಲು ತೆರೆದರೆ, ಬಿಸಿಲು. ಮರದ ನಮ್ಮ ಕಡೆಯ ಕೊಂಬೆ ಇರಲಿಲ್ಲ. ಏಣಿಯ ಮೇಲೆ ಗರಗಸ ಹಿಡಿದು ಕೂತಿದ್ದ ಕೆವಿನ್ ನನ್ನನ್ನು ನೋಡಿ, ಹೊಸ ಮೇಷ್ಟರ ಮುಂದೆ ನಿಂತ ವಿದ್ಯಾರ್ಥಿಯ ಹಾಗೆ, "ಇಷ್ಟು ಸಾಕೇ?" ಎಂದು ಕೇಳಿದರು. ಓದುಗರೇ, ನಿಜ ಹೇಳಲು ಅದಕ್ಕಿಂತ ಕೆಟ್ಟ ಗಳಿಗೆ ಬೇರೆ ಇದೆಯೇ? "ಇನ್ನೊಂದು ಚೂರು" ಎಂದೆ.

ಅಲ್ಲಿಂದ ಮುಂದೆ ನಾನು ಕಂಡದ್ದು ಒಂದು ತಪಸ್ಸು. ಕೆವಿನ್ ಯುವಕರಾಗಿದ್ದಾಗ ಗೆಳೆಯರ ಜೊತೆ ಬಾಡಿಗೆ ಮನೆಯ ಹಿಂದೆ ಕದ್ದು ಗಾಂಜಾ ಗಿಡ ಹಾಕಿದ್ದರಂತೆ. ಅಲ್ಲೂ ಹೀಗೇ ನೆರಳು. ಗಿಡಗಳು ಬೆಳಕು ಹುಡುಕುತ್ತ ಸಣಕಲಾಗಿ ಉದ್ದಕ್ಕೆ ಬೆಳೆದು, ಒಂದು ವಾರ ಮಳೆ ಹಿಡಿದದ್ದೇ ಬೂಷ್ಟು ಬಂದು ಸತ್ತವು. ಆಮೇಲೆ ಅವರು ಮೇಷ್ಟರಾಗಿ, ಮಕ್ಕಳಿಗೆ ಅದೇ ಗಿಡದ ಬಗ್ಗೆ ಎಚ್ಚರಿಕೆಯ ಮಾತು ಹೇಳುತ್ತ ಆಯುಷ್ಯ ಕಳೆದರು. "ಆದರೂ ಎಲ್ಲಿ ತಪ್ಪಿದೆವು ಎಂದು ಯೋಚಿಸುತ್ತಲೇ ಇದ್ದೆ" ಎಂದರು. ಆ ಯೋಚನೆಯನ್ನೆಲ್ಲ ಈಗ ನನ್ನ ಪುಂಡಿಯ ಮೇಲೆ ಸುರಿದರು. ಬೇಲಿಗೆ ತಾವೇ ಸುಣ್ಣದಂಥ ಬಿಳಿ ಬಣ್ಣ ಬಳಿದರು, ಬೆಳಕು ತಿರುಗಿ ಗಿಡಕ್ಕೆ ಬೀಳಲಿ ಎಂದು. ಗಾಳಿ ಆಡಲಿ ಎಂದು ಬುಡದ ಎಲೆ ತೆಗೆಸಿದರು. ಹಳೇ ಬೀರುವಿನ ಉದ್ದ ಕನ್ನಡಿಯನ್ನು ಹೊತ್ತು ತಂದು, ಬೆಳಗಿನ ಬಿಸಿಲನ್ನು ಹಿಡಿದು ನೆರಳಿನ ಮೂಲೆಗೆ ಎಸೆಯುವ ಹಾಗೆ ನಿಲ್ಲಿಸಿದರು.

ಆ ಬೆಳಗನ್ನು ನಾನು ಮರೆಯುವುದಿಲ್ಲ. ಸೂರ್ಯನನ್ನೇ ಕಾಣದ ಮೂಲೆಗೆ ಕನ್ನಡಿಯಿಂದ ಬಿಸಿಲು ಬಂದು ಬಿತ್ತು. ಎಲೆಗಳ ನರನರವೂ ಕಾಣುವಂತೆ ಗಿಡಗಳು ಒಳಗಿನಿಂದ ಹೊತ್ತಿಕೊಂಡವು. ಕೆಲವು ದಿನಗಳಲ್ಲಿ ಅವು ಆಕಾಶದ ಕಡೆಗಲ್ಲ, ಕನ್ನಡಿಯ ಕಡೆಗೆ ಬಾಗಿ ನಿಂತಿದ್ದವು. ಕಣ್ಣಿಲ್ಲದ, ಕಾಲಿಲ್ಲದ ಒಂದು ಜೀವ ಬೆಳಕು ಎಲ್ಲಿದೆ ಎಂದು ತಿಳಿದುಕೊಂಡಿತಲ್ಲ ಎಂದು ನನ್ನ ಮೈ ಜುಮ್ಮೆಂದಿತು. ಬೇಲಿಯ ಆಚೆ ಕೆವಿನ್ ಟೋಪಿ ತೆಗೆದು ನಿಂತಿದ್ದರು. ಗಿರಿಜಾ ಕೂಡ ಚಹದ ಲೋಟ ಹಿಡಿದುಕೊಂಡು ಮಾತಿಲ್ಲದೆ ನಿಂತಳು. ಮಾತಿಲ್ಲದ ಗಿರಿಜಾಳನ್ನು ನೋಡಿದ್ದೂ ನನ್ನ ಪಾಲಿಗೆ ಅಷ್ಟೇ ದೊಡ್ಡ ವಿಸ್ಮಯ.

ಮಾತು ಬಂದ ಮೇಲೆ ಅವಳು ಬಿಡಲಿಲ್ಲ. "ಏನ್ರೀ, ಅವರಿಗೆ ಖರೇ ಹೇಳಿಬಿಡ್ರಿ. ಪಾಪ, ವಯಸ್ಸಾದ ಮನಷ್ಯಾ, ಮರಾ ಕಡದಾರ."

"ನಾಳೆ ಹೇಳ್ತೇನೆ ಮಾರಾಯ್ತಿ."

"ನಾಳೆ ನಾಳೆ ಅಂತ ಬ್ಯಾಸಗಿನ ಮುಗೀಲಿಕ್ಕೆ ಬಂತು. ನಿಮಗ ಕಳ್ಳರಂಗ ಕಾಣೂದು ಭಾಳ ಛಲೋ ಅನಸ್ಲಿಕತ್ತದ, ಅಷ್ಟ."

ಅವಳು ಹೇಳಿದ್ದು ಅರ್ಧ ಮಾತ್ರ ಸರಿ. ಉಳಿದರ್ಧ ಭಯ. ವರ್ಷಗಟ್ಟಲೆ ಕಸದ ಡಬ್ಬಿಯ ವಿಷಯ ಬಿಟ್ಟು ಬೇರೆ ಮಾತಾಡದ ಮನುಷ್ಯ ಈಗ ಪ್ರತಿ ಸಂಜೆ ಬೇಲಿಗೆ ಒರಗಿ ತಮ್ಮ ಬಾಳಿನ ಕಥೆಯನ್ನೇ ಹೇಳುತ್ತಿದ್ದರು. ಈ ದೇಶದಲ್ಲಿ ನನಗೆ ಆಫೀಸಿನ ಹೊರಗೆ ಇದ್ದ ಸ್ನೇಹಿತ ಅವರೊಬ್ಬರೇ. ಇದು ಬರೀ ಸೊಪ್ಪು ಎಂದು ಹೇಳಿದ ಗಳಿಗೆಯಲ್ಲೇ ಆ ಸ್ನೇಹ ಒಣಗುತ್ತದೆ ಎಂದು ನನಗೆ ಖಾತ್ರಿಯಿತ್ತು.

ಗಿಡಗಳಲ್ಲಿ ಮೊಗ್ಗು ಕಾಣಿಸಿತು. ಇನ್ನು ತಡ ಮಾಡಿದರೆ ದಾಸವಾಳದಂಥ ಹಳದಿ ಹೂವು ಅರಳಿ ತಾನೇ ಎಲ್ಲವನ್ನೂ ಹೇಳಿಬಿಡುತ್ತದೆ. ಗಿರಿಜಾ ಸೊಪ್ಪು ಬಿಡಿಸಿ ಪಲ್ಯ ಮಾಡಿ, ರೊಟ್ಟಿ ಬಡಿದು, ನನ್ನನ್ನೂ ಎಳೆದುಕೊಂಡು ಕೆವಿನ್‌ರ ಮನೆಗೆ ನಡೆದಳು. ತಟ್ಟೆ ಕಂಡು ಅವರು ಬಾಗಿಲ ಚಿಲಕ ಹಾಕಿದರು. ಕಿಟಕಿಯ ಪರದೆ ಎಳೆದು ಬಂದು ಕೂತರು. ಒಂದು ತುತ್ತು ತಿಂದು ಕಣ್ಣು ಮುಚ್ಚಿದರು. ಇನ್ನೊಂದು ತಿಂದರು. "ಮೊಣಕಾಲಿನ ನೋವು ಹೋಗುತ್ತಿದೆ," ಎಂದರು. "ಗೋಡೆಯ ಬಣ್ಣ ಬೇರೆಯಾಗಿ ಕಾಣುತ್ತಿದೆ."

ನನಗೆ ತಡೆಯಲಾಗಲಿಲ್ಲ. "ಕೆವಿನ್, ಇದು ತರಕಾರಿ. ಬರೀ ಸೊಪ್ಪು" ಎಂದೆ.

ಅವರು ಕಣ್ಣು ತೆರೆದರು. ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಅಜ್ಜಿ?" ಎಂದು ಕೇಳಿದರು. "ಅವರದೂ ಸೊಪ್ಪೇ" ಎಂದೆ. ಅವರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ತಿನ್ನತೊಡಗಿದರು. ಪೂರ್ತಿ ಮುಗಿಸಿ, ಬಾಯಿ ಒರೆಸಿಕೊಂಡು, ತಲೆ ತಗ್ಗಿಸಿ ಹೇಳಿದರು: "ನಮ್ಮ ಮುದುಕರ ಬೌಲಿಂಗ್ ಕ್ಲಬ್ಬಿನಲ್ಲಿ ನಾನು ಎಲ್ಲರಿಗೂ ಹೇಳಿದ್ದೇನೆ. ಪಕ್ಕದ ಮನೆಯ ಮೌನಿ ನೆರಳಿನಲ್ಲೂ ಆ ಗಿಡ ಬೆಳೆಸುತ್ತಾನೆ, ನಾನು ಅವನ ಜೊತೆಗಾರ ಎಂದು. ಮೊದಲು ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ, ಮೇಟ್. ಈಗ ಕುರ್ಚಿ ಎಳೆದುಕೊಂಡು ಬರುತ್ತಾರೆ. ದಯವಿಟ್ಟು ಇದನ್ನು ಅವರಿಗೆ ಹೇಳಬೇಡ. ನಾಳೆ ಸಂಜೆ ಬೇಲಿಯ ಹತ್ತಿರ ಬರುತ್ತೀ ತಾನೇ?"

ಬರುತ್ತೇನೆ ಎಂದೆ.

ಕಳೆದ ವಾರ ಗೊಬ್ಬರ ಕೊಳ್ಳಲು ಹೋಗಿದ್ದೆ. ಬೌಲಿಂಗ್ ಕ್ಲಬ್ಬಿನ ಬಿಳಿ ಶರ್ಟು, ಬಿಳಿ ಪ್ಯಾಂಟು ತೊಟ್ಟ ಒಬ್ಬ ಅಜ್ಜ ಚೀಲಗಳ ಸಾಲಿನ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ನಿಧಾನಕ್ಕೆ ಹತ್ತಿರ ಬಂದು, ದೊಡ್ಡವರ ಎದುರು ನಿಂತವರ ವಿನಯದಿಂದ, "ನೀವು ಕೆವಿನ್‌ನ ಪಕ್ಕದ ಮನೆಯವರಲ್ಲವೇ? ಈ ವರ್ಷ ಬೆಳೆ ಹೇಗಿತ್ತು?" ಎಂದು ಕೇಳಿದರು. ನಾನು ಎಡಗಡೆ ನೋಡಿದೆ, ಬಲಗಡೆ ನೋಡಿದೆ, ಬಗ್ಗಿ ಅವರ ಕಿವಿಯ ಹತ್ತಿರ, "ನೆರಳಿನಲ್ಲೂ ಚೆನ್ನಾಗಿ ಬಂತು" ಎಂದೆ. ನಿಯಮ ಪಾಲಿಸುವವನಾಗಿ ಆಮೇಲೆ ಆ ಮಾತನ್ನು ಪರಿಶೀಲಿಸಿ ನೋಡಿದ್ದೇನೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪಿಸುಗುಟ್ಟಿದ್ದು ಮಾತ್ರ ಸುಳ್ಳು.