ಒಣಕೊಬ್ಬರಿ ಬ್ಯಾಂಡಿನ ಸ್ಥಾಪನಾ ದಿನ

ತಾರೀಖಿಲ್ಲದ ಮಾತು ನನ್ನ ಕಿವಿಗೆ ಹೋಗುತ್ತದೆ, ತಲೆಗೆ ಹೋಗುವುದಿಲ್ಲ. ಇದನ್ನು ಕೆಲವರು ವಿದ್ವತ್ತು ಎನ್ನುತ್ತಾರೆ. ನನ್ನ ಮಡದಿ ಪಾರ್ವತಿ ಕಾಯಿಲೆ ಎನ್ನುತ್ತಾಳೆ. ಶಾಸನಗಳ ಕಾಲನಿರ್ಣಯವನ್ನೇ ಉದ್ಯೋಗ ಮಾಡಿಕೊಂಡಿದ್ದು, ನಿವೃತ್ತನಾದ ಮೇಲೆ ಹಳೇಬೀಡಿನ ಮಗ್ಗುಲ ಬಸ್ತಿಹಳ್ಳಿಯಲ್ಲಿ ನೆಲೆಸಿದವನು ನಾನು. ಬಸದಿಗಳ ನಿಶ್ಶಬ್ದಕ್ಕೆ ಮರುಳಾಗಿಯೇ ಈ ಊರನ್ನು ಆರಿಸಿಕೊಂಡದ್ದು. ಪ್ರವಾಸಿಗಳಲ್ಲಿ ಹೆಚ್ಚಿನವರು ದೊಡ್ಡ ದೇವಸ್ಥಾನದ ಶಿಲ್ಪಗಳನ್ನು ನೋಡಿಯೇ ದಣಿದು, ಇಲ್ಲಿಯವರೆಗೆ ನಡೆಯಲಾರದೆ ಬೇಲೂರಿನ ಬಸ್ಸು ಹತ್ತಿಬಿಡುತ್ತಾರೆ. ಅವರ ಮೊಣಕಾಲು ನೋವಿಗೆ ನಾನು ಸದಾ ಋಣಿ.

ಇಂಥ ನನ್ನ ಪಾಲಿಗೆ ಒಂದು ಬ್ಲೂಸ್ ರಾಕ್ ಬ್ಯಾಂಡಿನ ಇತಿಹಾಸ ಬರೆಯುವ ಕೆಲಸ ಬಂತು. ತಂದವನು ಪಾರ್ವತಿಯ ತಮ್ಮ ಶಿವಾನಂದ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಐವತ್ತು ದಾಟಿದ ಮೇಲೆ ಅವನ ಕೈಗೆ ಕರೆಂಟಿನ ಗಿಟಾರೊಂದು ಸಿಕ್ಕಿತು. ಬ್ಲೂಸ್ ರಾಕ್ ಎಂದರೇನು ಎಂದು ನಾನು ಶಾಸ್ತ್ರೋಕ್ತವಾಗಿ ಲಕ್ಷಣ ಕೇಳಿದೆ. “ಮನುಷ್ಯಂಗೆ ದುಃಖ ಅಂತ ಇರುತ್ತಲ್ಲ ಭಾವ, ಅದಕ್ಕೆ ಕರೆಂಟ್ ಕೊಟ್ರೆ ಬ್ಲೂಸ್ ರಾಕ್,” ಎಂದ. ನಿನಗೇನಪ್ಪಾ ದುಃಖ ಎಂದರೆ, “ಅದನ್ನೇ ಹುಡುಕ್ತಾ ಇದೀನಿ,” ಎಂದ. ಎರಡು ಹೊತ್ತು ಮುದ್ದೆ, ಮಧ್ಯಾಹ್ನ ಒಂದು ನಿದ್ದೆ, ಕೊಬ್ಬರಿಗೆ ಒಳ್ಳೆಯ ಧಾರಣೆ. ಇಷ್ಟೆಲ್ಲ ಅಡಚಣೆಗಳ ನಡುವೆ ಅವನು ದುಃಖಪಡಲು ಯತ್ನಿಸುತ್ತಿದ್ದುದು ಮೆಚ್ಚತಕ್ಕ ಸಂಗತಿಯೇ.

ಬ್ಯಾಂಡಿನ ಹೆಸರು ‘ಒಣಕೊಬ್ಬರಿ’. ಗಿಟಾರು ಶಿವಾನಂದನದು. ಹಾಡುವವಳು ಹಗರೆಯ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷಿಸುವ ಸುಜಾತ. ಡ್ರಮ್ಮು ಬಾರಿಸುವವನು ಜಾವಗಲ್ಲಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಚಂದ್ರಣ್ಣ. ಆಗಲೇ ಎರಡು ಹಾಡುಗಳನ್ನು ಇಂಟರ್ನೆಟ್ಟಿನಲ್ಲಿ ಬಿಡುಗಡೆ ಮಾಡಿದ್ದರು. ಮೊದಲನೆಯದು ‘ಹೋದ ಗಾಡಿ’: ಬಸ್ಸು ಅರಸೀಕೆರೆ ತಲುಪುವುದಕ್ಕೂ ರೈಲು ಹೊರಡುವುದಕ್ಕೂ ಇರುವ ಅನಾದಿ ವೈಮನಸ್ಯ ಅದರ ವಸ್ತು. ಎರಡನೆಯದು ಪ್ರೇಮಗೀತೆ, ‘ನಿನ್ನ ಪ್ರೀತಿಗೆ ಡಿಗ್ರಿ ಬರಲಿಲ್ಲ’. ನೀರು ಬೆರೆಸಿದ ಹಾಲು ತಂದು, ಡಿಗ್ರಿ ತೋರಿಸುವ ಅಳತೆಯ ಕಡ್ಡಿಯನ್ನೇ ಬೈಯುವ ಜನರನ್ನು ದಿನಾ ಕಂಡ ಸುಜಾತಳೇ ಬರೆದದ್ದು. ಅವಳ ಕಂಠದಲ್ಲಿ ಖಾಲಿ ಹಾಲಿನ ಕ್ಯಾನಿನ ಗಾಂಭೀರ್ಯವಿದೆ. ಇದನ್ನು ಹೊಗಳಿಕೆಯೆಂದೇ ತಿಳಿಯಬೇಕು.

ಮೂರನೆಯ ಹಾಡೂ ಸಿದ್ಧವಾಗಿತ್ತು, ಹೊರಗೆ ಬರಲಿಲ್ಲ. ಹಾಡಿನ ಕೆಳಗೆ ಬ್ಯಾಂಡಿನ ಪರಿಚಯ ಹಾಕಬೇಕು, ಅದರಲ್ಲಿ ಸ್ಥಾಪಕರು ಯಾರೆಂದು ಬರೆಯಬೇಕು. ತಾನು ಕೊಬ್ಬರಿ ಗೋಡೌನಿನಲ್ಲಿ ಮೊದಲ ಸಲ ಗಿಟಾರು ಮೀಟಿದ ದಿನವೇ ಬ್ಯಾಂಡು ಹುಟ್ಟಿತೆಂದು ಶಿವಾನಂದನ ವಾದ. ಅವತ್ತು ಹುಟ್ಟಿದ್ದು ಬರೀ ಗಲಾಟೆ, ತಾನು ಹಾಡಿದ ಮೇಲೆಯೇ ಅದು ಬ್ಯಾಂಡಾದದ್ದೆಂದು ಸುಜಾತಳ ಪ್ರತಿವಾದ. ಸ್ಥಾಪಕಿಯೆಂದು ತನ್ನ ಹೆಸರು ಬರದಿದ್ದರೆ ಇನ್ನು ಹಾಡುವುದೇ ಇಲ್ಲ ಎಂದುಬಿಟ್ಟಿದ್ದಳು. ಶಿವಾನಂದನೂ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಿದ್ದ. “ನೀವು ದಿನ ಗೊತ್ತು ಮಾಡಿಕೊಡಿ ಭಾವ. ಇಲ್ಲಾಂದ್ರೆ ಬ್ಯಾಂಡ್ ಮುಗೀತು,” ಎಂದ. ಹುಡುಕುತ್ತಿದ್ದ ದುಃಖ ಕಡೆಗೂ ಸಿಕ್ಕಂತೆ ಕಾಣುತ್ತಿತ್ತು.

ಒಬ್ಬೊಬ್ಬರನ್ನೇ ಫೋನಿನಲ್ಲಿ ವಿಚಾರಿಸಿದೆ. ಶಿವಾನಂದ ಗಿಟಾರು ಮೀಟಿದ್ದು ಕೊಬ್ಬರಿ ಧಾರಣೆ ಏರಿದ ವಾರವಂತೆ. ಯಾವ ಏರಿಕೆ? ತಿಳಿಯದು. ಸುಜಾತ ಹಾಡಿದ್ದು ಅವಳ ಸೀಮೆಹಸು ಕರು ಹಾಕಿದ ಮಾರನೆಯ ದಿನ. ಯಾವ ಕರು? ಹಸುವನ್ನೇ ಕೇಳಬೇಕು. “ನಾನು ಸೇರ್ಕೊಂಡಾಗ ಸೆಕೆ ಇತ್ತು ಸಾ,” ಎಂಬುದು ಚಂದ್ರಣ್ಣನ ಸಾಕ್ಷ್ಯ. ಎಂಟುನೂರು ವರ್ಷ ಹಿಂದೆ ಕಲ್ಲು ಕೆತ್ತಿದವನು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳಿ ಹೋಗಿದ್ದಾನೆ. ಕಿಸೆಯಲ್ಲಿ ಮೊಬೈಲು ಇಟ್ಟುಕೊಂಡ ಇವರು ಸೆಕೆ ಎನ್ನುತ್ತಾರೆ. ಈ ಅಭಿಪ್ರಾಯವನ್ನು ಮೂವರಿಗೂ ಬೇರೆ ಬೇರೆಯಾಗಿ, ವಿಸ್ತಾರವಾಗಿ ತಿಳಿಸಿದೆ.

ಕೊನೆಗೆ ಮೂವರನ್ನೂ ನಮ್ಮ ಮನೆಯ ಜಗಲಿಗೆ ಕರೆಸಿ, ಮೊದಲು ನಿಯಮವನ್ನು ಘೋಷಿಸಿದೆ. ದಾನಶಾಸನದಲ್ಲಿ ಕೊಟ್ಟವರು, ಪಡೆದವರು, ಸಾಕ್ಷಿಗಳು ಇರುವಂತೆ ಸಂಘಕ್ಕೂ ಲಕ್ಷಣವುಂಟು: ಸದಸ್ಯರೆಲ್ಲ ಒಂದೇ ಜಾಗದಲ್ಲಿ, ಒಂದೇ ಉದ್ದೇಶಕ್ಕೆ, ಹೊರಗಿನವರೊಬ್ಬರ ಸಮಕ್ಷಮದಲ್ಲಿ ಸೇರಿದ ದಿನವೇ ಸ್ಥಾಪನಾ ದಿನ. ಒಪ್ಪಿಗೆಯೇ ಎಂದೆ. ಮೂವರೂ ತಲೆಯಾಡಿಸಿದರು. ಹಾಗಾದರೆ ನೀವು ಮೊದಲು ಒಟ್ಟಿಗೆ ಕೂತದ್ದು ಎಂದು?

ಚಂದ್ರಣ್ಣ ಸುಜಾತಳ ಕಡೆ ನೋಡಿ ಹೇಳಿದ: “ಇವತ್ತೇ ಸಾ. ಅಕ್ಕಾರನ್ನ ಇವತ್ತೇ ಮೊದಲು ನೋಡಿದ್ದು. ದನಿ ಫೋನಲ್ಲಿ ಗೊತ್ತಿತ್ತು.”

ನಿಜಸಂಗತಿ ಹೊರಬಿತ್ತು. ಗಿಟಾರು ಅರಸೀಕೆರೆಯ ಗೋಡೌನಿನಲ್ಲಿ, ಹಾಡು ಹಗರೆಯ ಡೇರಿಯಲ್ಲಿ, ಡ್ರಮ್ಮು ಜಾವಗಲ್ಲಿನ ಶೆಡ್ಡಿನಲ್ಲಿ. ಮೂರು ಕಡೆಯ ರೆಕಾರ್ಡಿಂಗನ್ನೂ ಹಾಸನದಲ್ಲಿ ಯಾರೋ ಹೊಲಿದು ಒಂದು ಮಾಡುತ್ತಿದ್ದರು. ಅಂದರೆ ಈ ಬ್ಯಾಂಡು ಹುಟ್ಟುವ ಮೊದಲೇ ಎರಡು ಹಾಡು ಬಿಡುಗಡೆ ಮಾಡಿತ್ತು. ಪಟ್ಟಕ್ಕೆ ಬರುವ ಮುನ್ನವೇ ರಾಜ ಹೊರಡಿಸಿದಂತೆ ಕಾಣುವ ಶಾಸನವನ್ನು ನಾವು ಖೋಟಾ ಎಂದು ಸಂಶಯಿಸುತ್ತೇವೆ ಎಂದೆ.

“ಖೋಟಾ ಅನ್ನಿ, ಪರವಾಗಿಲ್ಲ ಸಾರ್. ಸ್ಥಾಪಕರು ಯಾರು, ಅದು ಹೇಳಿ,” ಎಂದಳು ಸುಜಾತ.

“ಕರೆದೋರು ಸಾರು, ಜಾಗ ಸಾರದ್ದು,” ಎಂದ ಚಂದ್ರಣ್ಣ. “ಇನ್ಯಾರು?”

ಶಿವಾನಂದ ಸುಜಾತಳನ್ನು ನೋಡಿದ, ಸುಜಾತ ಶಿವಾನಂದನನ್ನು ನೋಡಿದಳು. ತನಗೆ ಸಿಗದಿದ್ದರೂ ಎದುರಿನವರಿಗೂ ಸಿಗಲಿಲ್ಲವೆಂಬ ನೆಮ್ಮದಿ ಇಬ್ಬರ ಮುಖದಲ್ಲೂ ಮೂಡಿತು. ಒಳಗಿಂದ ಉಪ್ಪಿಟ್ಟು ತಂದ ಪಾರ್ವತಿ, “ಇವರಿಗೆ ಶ್ರುತಿಯೂ ಗೊತ್ತಿಲ್ಲ, ತಾಳವೂ ಗೊತ್ತಿಲ್ಲ. ಯಾರ ಕಡೆಯೂ ವಾಲೋದಿಲ್ಲ ಬಿಡಿ,” ಎಂದು ತೀರ್ಪಿಗೆ ಮುದ್ರೆ ಒತ್ತಿದಳು. ಶಿವಾನಂದ ಗಿಟಾರಿನ ಚೀಲದ ಜಿಪ್ಪು ಬಿಚ್ಚಿದ.

ಹುಟ್ಟಿದ ಜಾಗದ ಮಹಿಮೆ ದೊಡ್ಡದಂತೆ. ಅಂದಿನಿಂದ ಭಾನುವಾರದ ಅಭ್ಯಾಸ ನಮ್ಮ ಜಗಲಿಯಲ್ಲಿಯೇ. ಪ್ರವಾಸಿಗಳು ಮೊಣಕಾಲು ನೋವು ಮರೆತು ಬಸದಿಯ ದಾರಿಯಲ್ಲಿ ನಿಂತು ಕೇಳುತ್ತಾರೆ. ನನ್ನ ಓದು ಈಗ ಹಿತ್ತಲಿಗೆ ವರ್ಗವಾಗಿದೆ.

ಮೂರನೆಯ ಹಾಡು ಬಿಡುಗಡೆಯಾಗುವ ಬೆಳಗ್ಗೆ ಶಿವಾನಂದನ ಫೋನು ಬಂತು. “ಭಾವ, ಸ್ಥಾಪಕರ ಹೆಸರು ಹಾಕಾಯ್ತು. ನಿಮ್ಮ ಮನೇಲಿ ಕೂತಿದ್ದು ಯಾವ ತಾರೀಖು?”

ಮೂವರ ಸಾಕ್ಷ್ಯವನ್ನೂ ನಾನು ಅಂದವಾಗಿ ಬರೆದಿಟ್ಟಿದ್ದೆ. ಹಾಳೆ ತಿರುವಿ ನೋಡಿದೆ. ಧಾರಣೆಯಿತ್ತು, ಕರುವಿತ್ತು, ಸೆಕೆಯಿತ್ತು; ಆ ದಿನದ ತಾರೀಖು ಮಾತ್ರ ಇರಲಿಲ್ಲ. ಪಾರ್ವತಿಯನ್ನು ಕೇಳಿದೆ. “ಗ್ಯಾಸ್ ಸಿಲಿಂಡರ್ ಬಂದಿತ್ತಲ್ಲ ಕಣ್ರೀ, ಅದರ ಹಿಂದಿನ ದಿನ. ಇಲ್ಲಾ, ಮಾರನೇ ದಿನ.”

‘ಸುಮಾರು’ ಎಂಬ ಪದ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದವನು ನಾನು. ಮೂರನೆಯ ಹಾಡಿನ ಕೆಳಗೆ ಯಾರು ಬೇಕಾದರೂ ನೋಡಬಹುದು, ನನ್ನ ಹೆಸರಿನ ಪಕ್ಕದಲ್ಲೇ ಇದೆ: ಸ್ಥಾಪನೆ, ಸುಮಾರು ಇತ್ತೀಚೆಗೆ.