ರಸ್ತೆ ದಾಟಲು ತಡಸದ ಬಸ್ಸು

ನಮ್ಮ ಕಾಕಾ ರಸ್ತೆ ದಾಟಬೇಕೆಂದರೆ ತಡಸದ ಟಿಕೆಟ್ಟು ತೆಗೆಸುತ್ತಾನೆ! ನಗಬೇಡಿ. ನಕ್ಕವರನ್ನು ಅವನು ಬಿಡುವುದಿಲ್ಲ. ಕೂಡಿಸಿಕೊಂಡು ಮೊದಲಿನಿಂದ ಎಲ್ಲ ಹೇಳುತ್ತಾನೆ. ಅದಕ್ಕಿಂತ ನಾನೇ ಚಿಕ್ಕದಾಗಿ ಹೇಳಿ ಮುಗಿಸುವುದು ನಿಮಗೇ ಕ್ಷೇಮ.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಶಿಗ್ಗಾವಿಯಲ್ಲಿ ಹೆದ್ದಾರಿಯ ಈಚೆಗೆ ಅವನ ಮನೆ, ಆಚೆಗೆ ಅವನ ಅಕ್ಕನ, ಅಂದರೆ ನಮ್ಮ ಅತ್ತೆಯ ಮನೆ. ದಿನಾ ಊಟವಾದ ಮೇಲೆ ಅಕ್ಕನ ಮನೆಗೆ ಹೋಗಿ ಚೌಕಾಬಾರಾ ಆಡಿ, ಕವಡೆಯಲ್ಲಿ ಮೋಸ ಮಾಡಿ, ಬೈಸಿಕೊಂಡು ಬರದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. ಆದರೆ ನಡುವೆ ರಸ್ತೆ! ದೀಪಾವಳಿಯಲ್ಲಿ ಓಡುವ ಹೋರಿಗೆ ಎದೆಯೊಡ್ಡಿ ನಿಂತ ಗಂಡಸು, ರಸ್ತೆಯ ಅಂಚಿಗೆ ಬಂದರೆ ಮಾತ್ರ ಬಾಲವಾಡಿಯ ಕೂಸು.

ಅವನ ಪುಣ್ಯಕ್ಕೆ ಆಗ ರಸ್ತೆಯ ಕೆಳಗೊಂದು ಅಂಡರ್‌ಪಾಸ್ ಇತ್ತು. ನಡೆದು ಹೋಗುವವರಿಗೆಂದೇ ಮಾಡಿದ್ದು. ಈ ಕಡೆ ಮೆಟ್ಟಿಲು ಇಳಿದು, ಅರೆಗತ್ತಲಲ್ಲಿ ನಡೆದು, ಆ ಕಡೆ ಹತ್ತಬೇಕು. ಊರವರು ಅಷ್ಟು ತ್ರಾಸು ಯಾಕೆ ತೆಗೆದುಕೊಂಡಾರು? ಡಿವೈಡರ್ ಜಿಗಿದು, ಲಾರಿಯವರ ಬೈಗುಳ ತಿಂದು ಆರಾಮ ದಾಟುತ್ತಿದ್ದರು. ಹೀಗಾಗಿ ಇಡೀ ಅಂಡರ್‌ಪಾಸ್ ಕಾಕಾನ ಪಾಲಿಗೆ ಬಂತು. ಪಾಲಿಗೆ ಬಂದದ್ದನ್ನು ಸುಮ್ಮನೆ ಬಿಡುವ ವಂಶವೇ ನಮ್ಮದು? ಗೋಡೆಗೆ ಸುಣ್ಣ ಬಳಿದ. ಮೆಟ್ಟಿಲ ಬುಡದಲ್ಲಿ ಗೋಣಿಚೀಲ ಹಾಸಿದ. ಯುಗಾದಿಗೆ ಮಾವಿನ ತೋರಣ! ಅಪ್ಪಿತಪ್ಪಿ ಯಾರಾದರೂ ಇಳಿದರೆ, "ಕಾಲ್ ಒರಸ್ಕೊಂಡ್ ಬರ್ರಿ, ಈಗಷ್ಟ ಕಸಾ ಹೊಡದೇನಿ!" ಎಂದು ಗದರಿಸುತ್ತಿದ್ದ. ಅವರು ಮತ್ತೆ ಇಳಿಯುತ್ತಿರಲಿಲ್ಲ.

ಅವನ ಮಗಳನ್ನು ನೋಡಲು ಹಂಸಭಾವಿಯಿಂದ ಗಂಡಿನ ಕಡೆಯವರು ಬಂದರು. ಮನೆಯಲ್ಲಿ ಉಪ್ಪಿಟ್ಟು ಆರುತ್ತಿದ್ದರೂ ಕಾಕಾ ಅವರನ್ನು ಮೊದಲು ಅಂಡರ್‌ಪಾಸಿಗೆ ಇಳಿಸಿದ.

"ಏನೈತ್ರಿ ಇದರಾಗ?" ಎಂದು ಗಂಡಿನ ಅಪ್ಪ ಅತ್ತಿತ್ತ ನೋಡಿದರು.

"ಏನೂ ಇಲ್ರಿ, ಅದಽ ಇದರ ಹೆಚ್ಚುಗಾರಿಕಿ! ಈಗ ನಿಮ್ಮ ನೆತ್ತಿ ಮ್ಯಾಲ ಕಬ್ಬಿನ ಲಾರಿ ಹೊಂಟೈತಿ. ನಿಮಗೇನರ ತ್ರಾಸ ಆತೇನ್ರಿ?"

ಅವರು ಎರಡೂ ಕೈಯಿಂದ ರುಮಾಲು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿಬಿಟ್ಟರು! ಮದುವೆಯೇನೋ ಆಯಿತು. ಆದರೆ ಬೀಗರು ಇವತ್ತಿಗೂ ಶಿಗ್ಗಾವಿಯಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಾರೆ.

ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು. ಕಾಕಾ ಧೋತರ ಎತ್ತಿ ಕಟ್ಟಿ, ಅಕ್ಕನಿಗೆಂದು ತಂದ ಸವಣೂರು ವೀಳ್ಯದೆಲೆಯ ಪೆಂಡಿಯನ್ನು ತಲೆಯ ಮೇಲಿಟ್ಟುಕೊಂಡು ಇಳಿಯುತ್ತಿದ್ದ.

"ಕಾಕಾ, ಮ್ಯಾಲ ರಸ್ತಿ ಒಣಗೇತಲ್ಲೋ!" ಎಂದು ನಾನು ಕೂಗಿದರೆ ಕೆಳಗಿನಿಂದ ಗುಡುಗು: "ನೀರಿಗೆ ಬ್ರೇಕ್ ಫೇಲ್ ಆಗಂಗಿಲ್ಲೋ ಮಗನ!"

ಇಂಥ ಅಂಡರ್‌ಪಾಸ್ ಮುಚ್ಚಿ ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಕಾಕಾ ಮೆಟ್ಟಿಲ ಮೇಲೆ ಕೂತೇಬಿಟ್ಟ.

"ಏಳ್ರಿ ಯಜಮಾನ್ರ. ಇದನ್ನ ಯಾರೂ ಬಳಸಂಗಿಲ್ಲ" ಎಂದ ಇಂಜಿನಿಯರ್.

"ನಾ ಬಳಸ್ತೇನಲ್ರಿ! ನಾ ಯಾರೂ ಅಲ್ಲೇನು?"

ಇಂಜಿನಿಯರ್ ಆಕಾಶದ ಕಡೆ ಬೆರಳು ತೋರಿಸಿದ. "ಮ್ಯಾಲ ಸೇತುವೆ ಬರತೈತ್ರಿ" ಎಂದ. ಅದು ಇನ್ನೂ ಬರುತ್ತಲೇ ಇದೆ! ಅಂಡರ್‌ಪಾಸ್ ಮಾತ್ರ ಸಂಜೆಯೊಳಗೆ ಮಣ್ಣಾಯಿತು. ಈಗ ಅಲ್ಲಿ ನಿಂತು, ಕೆಳಗೊಂದು ದಾರಿ ಇತ್ತು, ಅದಕ್ಕೆ ತೋರಣ ಕಟ್ಟುತ್ತಿದ್ದರು ಎಂದರೆ ಯಾರು ನಂಬುತ್ತಾರೆ?

ನಾನು ಕೈ ಹಿಡಿದು ದಾಟಿಸಲು ಹೋದೆ. ಅರ್ಧ ರಸ್ತೆಯಿಂದ ನನ್ನನ್ನೂ ದರದರ ಎಳೆದುಕೊಂಡು ವಾಪಸು ಓಡಿದ. "ಆಟೋದಾಗ ಕುಂಡ್ರು, ಕಣ್ ಮುಚ್ಕೋ" ಎಂದೆ. "ಆಟೋಕ್ಕ ಗ್ವಾಡಿ ಎಲ್ಲೈತೋ?" ಎಂದ. ಕೆಲವು ದಿನ ಈ ಬದಿಯಲ್ಲಿ ಇವನು, ಆ ಬದಿಯ ಕಟ್ಟೆಯ ಮೇಲೆ ಅತ್ತೆ, ನಡುವೆ ಲಾರಿಗಳು. ಕೈಸನ್ನೆಯಲ್ಲಿ ಚೌಕಾಬಾರಾ ಆಡಲು ಬರುತ್ತದೆಯೇ?

ಆಗ ಕಾಕಾನಿಗೆ ಹೊಳೆಯಿತು: ಬಸ್ಸಿಗೆ ಗೋಡೆ ಇದೆ! ಮನೆಯ ಬದಿಯಲ್ಲಿ ತಡಸದ ಬಸ್ಸು ಹತ್ತಿದರೆ, ಅದು ತಡಸದ ನಿಲ್ದಾಣದಲ್ಲಿ ತಿರುಗಿಕೊಂಡು, ಬರುವಾಗ ಅಕ್ಕನ ಬದಿಗೇ ಇಳಿಸುತ್ತದೆ!

"ಯಜಮಾನ್ರ, ತಡಸ ಬಂತು, ಇಳೀರಿ" ಎಂದ ಮೊದಲ ದಿನದ ಕಂಡಕ್ಟರ್.

"ಯಾಕ ಇಳೀಲಿ? ನಂದೇನ್ ಕೆಲಸ ಐತಿ ಇಲ್ಲಿ?"

"ಮತ್ತ ಬಂದದ್ಯಾಕ್ರಿ?"

"ಹೊಳ್ಳಿ ಹೋಗಾಕ!"

ಡ್ರೈವರ್ ತಿರುಗಿ ನೋಡಿ, "ಅವರ ಕೂಡ ವಾದಾ ಹಾಕಬ್ಯಾಡೋ ಮಾರಾಯಾ, ಟಿಕೀಟ್ ಹರಿ" ಎಂದನಂತೆ.

ಸಂಜೆ ಅಕ್ಕನ ಬದಿಯಿಂದ ಎದುರು ದಿಕ್ಕಿನ ಬಂಕಾಪುರದ ಬಸ್ಸು. ಅದು ತಿರುಗಿ ಬರುವಾಗ ಮನೆಯ ಬದಿ. ಕೂಗಿದರೆ ಕೇಳಿಸುವ ಮನೆಗೆ ಕಾಕಾ ಕೈಚೀಲ, ನೀರಿನ ಬಾಟಲಿ ಸಮೇತ ಪ್ರವಾಸ ಹೊರಡುತ್ತಾನೆ. ಅತ್ತೆ ಬಾಗಿಲಲ್ಲೇ ಶುರು ಮಾಡುತ್ತಾಳೆ: "ಬಂದೀಯೇನಪಾ ದೇಶಾ ತಿರುಗಿ? ಕಾಶಿಗೆ ಹೋಗಿದ್ರೂ ಇಷ್ಟೊತ್ತಿಗೆ ಹೊಳ್ಳಿ ಬರ್ತಿದ್ದಿ!"

"ಮಾತ್ ಸಾಕು, ಕವಡಿ ತಗಿ."

ಕಳೆದ ಶ್ರಾವಣದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ತೆವಳಿಕೊಂಡು ಬಂದು ಕಾಕಾನಿಗೆ ಫೋನು ಹಚ್ಚಿ, "ತಮ್ಮಾ, ಬಿದ್ದೇನೋ" ಎಂದಳಂತೆ. ಅಷ್ಟೇ. ಕಾಕಾನ ಹೆಂಡತಿ ನನಗೆ ತಿಳಿಸಿ, ನಾನು ಬೈಕಿನಲ್ಲಿ ಧಾವಿಸಿದರೆ ಕಾಕಾ ಆಗಲೇ ಅಲ್ಲಿದ್ದ. ಬರಿಗಾಲು, ಮೈಮೇಲೆ ಬರೀ ಬನಿಯನ್ನು. ಅಕ್ಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಊದಿದ ಕಣಕಾಲಿಗೆ ತಣ್ಣೀರ ಬಟ್ಟೆ ಸುತ್ತುತ್ತಿದ್ದ.

"ಯಾವ ಬಸ್ಸಿಗೆ ಬಂದಿ ಕಾಕಾ?"

"ಬಸ್ಸಿಗೆಲ್ಲಿ ಕಾಯ್ಕೋತ ಕುಂಡ್ರಲೋ? ಓಡ್ಕೋತ ಬಂದ್ನಿ."

"ಮತ್ತ ರಸ್ತಿ?"

ಅವನ ಕೈ ನಿಂತಿತು. ನನ್ನ ಮುಖ ನೋಡಿದ. ಬಾಗಿಲ ಹೊರಗೆ ನೋಡಿದ. ಅಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ಹೌದಲ್ಲೋ... ನಡುವ ರಸ್ತಿ ಇತ್ತಲ್ಲ..." ಎಂದವನೇ ಗಡಗಡ ನಡುಗತೊಡಗಿದ.

ಅತ್ತೆ ನೋವಿನಲ್ಲೇ ಎದ್ದು ಕೂತು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಂಜಬ್ಯಾಡೋ ತಮ್ಮಾ" ಎಂದಳು. "ದಾಟೀದಿ. ಈಗ ನನ್ನ ಹಂತ್ಯಾಕ ಅದೀ."