ಕತ್ತಿಯ ಬೆಲ್ಟಿಗೆ ದಫ್ತರದ ಗಂಟು

ಗಂಡಸಿನ ಬಾಳು ಆರಂಭವಾಗುವುದೇ ಸೊಂಟಕ್ಕೆ ಏನಾದರೊಂದನ್ನು ಕಟ್ಟಿಸಿಕೊಳ್ಳುವುದರಿಂದ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಮೈಮೇಲೆ ಸರಿಯಾಗಿ ಬಟ್ಟೆ ಬೀಳುವ ಮೊದಲೇ ಉಡುದಾರ ಬೀಳುತ್ತದೆ. ಆಮೇಲೆ ಚಡ್ಡಿಯ ಲಾಡಿ, ಪ್ಯಾಂಟಿನ ಬೆಲ್ಟು, ಮದುವೆಯ ದಿನ ಸೋದರಮಾವ ಮಂಡಿಯೂರಿ ಕೂತು ಬಿಗಿದ ಪಂಚೆ, ವಯಸ್ಸಾದ ಮೇಲೆ ಬೆನ್ನುನೋವಿಗೆಂದು ಡಾಕ್ಟರು ಬರೆದುಕೊಡುವ ಅಗಲವಾದ ಪಟ್ಟಿ. ಇಷ್ಟೆಲ್ಲ ಕಟ್ಟಿ ಬಿಚ್ಚಿ ಅರವತ್ತು ದಾಟಿದವನಿಗೆ ಸೊಂಟದ ವಿಷಯದಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲ ಎಂಬ ಧೈರ್ಯ ಬಂದಿರುತ್ತದೆ. ನನಗೂ ಬಂದಿತ್ತು. ಕಳೆದ ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನದ ತನಕ ಅದು ನನ್ನ ಬಳಿಯೇ ಇತ್ತು.

ಮೊದಲು ನನ್ನ ಮಗಳು ಚೇತನಾಳ ಉದ್ಯೋಗವನ್ನು ಹೇಳಬೇಕು. ಅವಳು ಚರ್ಮದಲ್ಲಿ ಕತ್ತಿಯ ಬೆಲ್ಟು ಮಾಡುತ್ತಾಳೆ. ಹೀಗೆಂದಾಗ ನಮ್ಮ ಚಾಮರಾಜಪೇಟೆಯ ಹಿರಿಯರು, "ಅಂದ್ರೆ, ಪ್ಯಾಂಟಿಗೆ ಹಾಕ್ಕೊಳ್ಳೋದಾ?" ಎನ್ನುತ್ತಾರೆ. ಅಲ್ಲ, ಕತ್ತಿಯನ್ನು ಸೊಂಟಕ್ಕೆ ತೂಗುಹಾಕಿಕೊಳ್ಳುವುದಕ್ಕೆ. ಆರೇಳು ನೂರು ವರ್ಷಗಳ ಹಿಂದೆ ಯುರೋಪಿನ ಯೋಧರು ಕಟ್ಟಿಕೊಳ್ಳುತ್ತಿದ್ದ ಮಾದರಿಯನ್ನು ಅವರ ಗೋರಿಗಳ ಮೇಲಿನ ಕಲ್ಲಿನ ವಿಗ್ರಹಗಳ ಚಿತ್ರ ನೋಡಿ ತಿಳಿದುಕೊಂಡು, ಕೈಯಲ್ಲೇ ಕತ್ತರಿಸಿ, ಕೈಯಲ್ಲೇ ಹೊಲಿದು ಮಾಡುವ ಬೆಲ್ಟುಗಳು. ಈ ಕಾಲದಲ್ಲಿ ಯಾರಮ್ಮ ಕತ್ತಿ ಕಟ್ಟಿಕೊಂಡು ಓಡಾಡುತ್ತಾರೆ ಎಂದು ನಾನೂ ಕೇಳಿದ್ದೆ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಕಬ್ಬಿಣದ ಅಂಗಿ ತೊಟ್ಟು ಮೈದಾನದಲ್ಲಿ ಬಡಿದಾಡುವ ಸದ್ಗೃಹಸ್ಥರು ತಣ್ಣನೆಯ ದೇಶಗಳಲ್ಲಿ ಬೇಕಾದಷ್ಟಿದ್ದಾರಂತೆ. ನಮ್ಮಲ್ಲಿ ಆ ಕೆಲಸಕ್ಕೆ ಕಬ್ಬಿಣದ ಅಂಗಿ ಬೇಕಾಗಿಲ್ಲ, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದರೆ ಸಾಕು ಎಂದೆ. ಮಗಳು ನಗಲಿಲ್ಲ.

ತೊಂದರೆ ಯುರೋಪಿನದಲ್ಲ, ಚರ್ಮದ್ದು. ನಮ್ಮದು ತಲೆಮಾರುಗಳಿಂದ ಪೇಟೆಯಲ್ಲಿ ಹಗ್ಗ, ಗೋಣಿಚೀಲದ ವ್ಯಾಪಾರ ಮಾಡಿದ, ಹಣೆಯ ವಿಭೂತಿ ಮಾಸಗೊಡದ ಮನೆ. ನನ್ನ ತಾಯಿಗೆ ಎಂಬತ್ತು ದಾಟಿದೆ. ಲಿಂಗಪೂಜೆ ಮುಗಿಯದೆ ಅವರು ಒಂದು ಗುಟುಕು ನೀರೂ ಕುಡಿದವರಲ್ಲ. ಚರ್ಮವೆಂದರೆ ಅವರಿಗೆ ಆಗದು. ನನ್ನ ಪ್ಯಾಂಟಿನ ಬೆಲ್ಟು ನನ್ನ ಸರ್ಕಾರಿ ಸರ್ವಿಸಿನ ಉದ್ದಕ್ಕೂ ಜಗಲಿಯ ಮೊಳೆಯ ಮೇಲೇ ರಾತ್ರಿ ಕಳೆಯಿತು. ಮನೆಯ ಒಳಭಾಗವನ್ನು ಕಾಣದೆಯೇ ನನ್ನೊಡನೆ ನಿವೃತ್ತಿಯಾಯಿತು. ಅಂಥ ಮನೆಗೆ ಮೊಮ್ಮಗಳು ಚರ್ಮದ ಸುರುಳಿಗಳನ್ನು ಆಟೋದಲ್ಲಿ ತಂದಿಳಿಸಿದಾಗ ಆದ ರಂಪವನ್ನು ಇಲ್ಲಿ ವಿವರಿಸುವುದಿಲ್ಲ. ಕೊನೆಗೆ ನಾನೇ ಮಧ್ಯಸ್ಥಿಕೆ ವಹಿಸಿ ಸಂಧಾನ ಮಾಡಿಸಿದೆ: ಕಾರಿಲ್ಲದ ನಮ್ಮ ಕಾರ್ ಶೆಡ್ಡು ಚೇತನಾಳಿಗೆ, ಹೊಸ್ತಿಲಿನಿಂದ ಒಳಗೆಲ್ಲ ಅಮ್ಮನಿಗೆ. ಅಮ್ಮ ಒಪ್ಪಿದರು, ಆದರೆ ಒಂದು ಬಾಲ ಸೇರಿಸಿದರು. "ಚರ್ಮ ಹೊಸ್ತಿಲು ದಾಟಿತು ಅಂದ್ರೆ ಅವತ್ತೇ ಶೆಡ್ಡಿಗೆ ಬೀಗ. ಯಾರು ದಾಟಿಸಿದ್ರು ಅಂತ ಕೇಳಲ್ಲ." ಬಹಳ ನ್ಯಾಯವಾದ ಮಾತು ಎಂದು ಗಂಭೀರವಾಗಿ ತಲೆಯಾಡಿಸಿದವನೂ ನಾನೇ.

ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆದಿದ್ದವು. ವಿದೇಶದಲ್ಲೊಬ್ಬ ಯೋಧನ ವೇಷದಲ್ಲಿ ಮದುವೆಯಾಗುವವನಿದ್ದ. ಅವನ ಬೆಲ್ಟು ಸಿದ್ಧವಾಗಿ ಶೆಡ್ಡಿನ ಮೇಜಿನ ಮೇಲೆ ಮಲಗಿತ್ತು. ಸಂಜೆಯೊಳಗೆ ಕೊರಿಯರಿನವರು ಬಂದು ಒಯ್ಯಬೇಕು. ಅಂದು ತಪ್ಪಿದರೆ ಮುಂದೆ ಸಾಲು ರಜೆ, ಮದುವೆ ಕಾಯುವುದಿಲ್ಲ. ಚೇತನಾ ಪೆಟ್ಟಿಗೆ ತರಲು ಅಂಗಡಿಗೆ ಹೋಗುವಾಗ, "ಅಪ್ಪ, ಅದನ್ನ ಮುಟ್ಟಬೇಡ. ನೋಡು ಬೇಕಾದ್ರೆ," ಎಂದಿದ್ದಳು. ಇನ್ನೊಂದು ಕೆಲಸ ನನ್ನದು. ನಮ್ಮ ದೇವರ ಕೋಣೆಯಲ್ಲಿ ಒಂದು ಕತ್ತಿ ಇದೆ. ಹಗ್ಗ ಮಾರುವವರ ಮನೆಗೆ ಅದು ಹೇಗೆ ಬಂತೆಂದು ಒಬ್ಬೊಬ್ಬ ಚಿಕ್ಕಪ್ಪ ಒಂದೊಂದು ಥರ ಹೇಳುತ್ತಾರೆ. ಅದು ಇಂದಿನವರೆಗೆ ಕೊಂದಿರುವುದು ಬೂದುಗುಂಬಳವನ್ನು ಮಾತ್ರ. ವರ್ಷಕ್ಕೊಮ್ಮೆ ಹೊರಗೆ ತಂದು, ಹಿತ್ತಾಳೆಯ ಹಿಡಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಅಲಗಿಗೆ ಎಣ್ಣೆ ಸವರಿ, ಕೆಂಪು ಮಖಮಲ್ಲಿನ ಒರೆಗೆ ಸೇರಿಸಿ ಅಮ್ಮನ ಕೈಗೆ ಒಪ್ಪಿಸುವುದು ನನ್ನ ಪಾಲಿನ ಸೇವೆ.

ಉಜ್ಜಿ ಮುಗಿಸಿ ಬನಿಯನ್-ಪಂಚೆಯಲ್ಲಿ ಕತ್ತಿ ಹಿಡಿದು ನಿಂತೆ. ಆ ಕಡೆ ಶೆಡ್ಡಿನ ಬಾಗಿಲು ತೆರೆದಿತ್ತು. ನನ್ನ ಕೈಯಲ್ಲಿ ಬೆಲ್ಟಿಲ್ಲದ ಕತ್ತಿ, ಅಲ್ಲಿ ಕತ್ತಿಯಿಲ್ಲದ ಬೆಲ್ಟು. ಇಂಥ ಸಂದರ್ಭದಲ್ಲಿ ಸುಮ್ಮನಿರಲು ಋಷಿಯಾಗಿರಬೇಕು. ನಾನು ದಫ್ತರದ ಗುಮಾಸ್ತನಾಗಿದ್ದವನು. ಆ ಬೆಲ್ಟಿಗೆ ಬಕಲ್ ಇರುವುದಿಲ್ಲ. ಒಂದು ತುದಿಯನ್ನು ಎರಡು ಬಾಲವಾಗಿ ಸೀಳಿರುತ್ತಾರೆ, ಇನ್ನೊಂದು ತುದಿಯಲ್ಲಿ ಎರಡು ಸೀಳು. ಬಾಲಗಳನ್ನು ಸೀಳಿನಲ್ಲಿ ತೂರಿಸಿ ಮುಂದೆ ಗಂಟು ಹಾಕುವುದು. ಪಕ್ಕದಲ್ಲಿ ಒರೆಗೊಂದು ಚರ್ಮದ ಕುಣಿಕೆ. ಶೆಡ್ಡಿಗೆ ಹೋಗಿ ಬೆಲ್ಟನ್ನು ಸೊಂಟಕ್ಕೆ ಸುತ್ತಿ, ಒರೆಯನ್ನು ಕುಣಿಕೆಗೆ ಇಳಿಸಿದೆ. ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ. ಕನ್ನಡಿಯಲ್ಲಿ ಸೇನಾಪತಿಯ ಹೊಟ್ಟೆ ಮಾತ್ರ ಕಾಣುತ್ತಿತ್ತು. ಕನ್ನಡಿಯ ಮುಂದೆ ಎಲ್ಲ ಗಂಡಸರೂ ಮಾಡುವಂತೆ ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಗಂಟು ಹಾಕಿದೆ.

ಹಾಕಿದ್ದು ದಫ್ತರದ ಗಂಟು. ಸರ್ವಿಸಿನ ಬಹುಭಾಗ ನಾನು ಹಳೆಯ ಕಡತ ಕಟ್ಟುವ ಕೋಣೆಯಲ್ಲಿದ್ದೆ. ಕಡತದ ಕಟ್ಟನ್ನು ಮಂಡಿಯಿಂದ ಅದುಮಿ, ದಾರವನ್ನು ಎರಡು ಸುತ್ತು ತಿರುಚಿ, ತುದಿಯನ್ನು ಒಳಗೇ ತೂರಿಸಿ ಜಗ್ಗಿದರೆ, ಮತ್ತೆ ಅದನ್ನು ಬಿಚ್ಚಿದ ಸಾಹೇಬರಿಲ್ಲ. ಬಿಚ್ಚಬಾರದೆಂಬುದೇ ಅದರ ಉದ್ದೇಶ. ಇಲಾಖೆಯಲ್ಲಿ ನನಗಿದ್ದ ಏಕೈಕ ಕೀರ್ತಿ ಅದು. ಕೈಗಳು ತಮಗೆ ತಿಳಿದ ಕೆಲಸವನ್ನು ತಾವೇ ಮಾಡಿ ಮುಗಿಸಿದವು. ಆದರೆ ಕಡತ ಉಸಿರಾಡುವುದಿಲ್ಲ. ನಾನು ಉಸಿರು ಬಿಟ್ಟೆ. ಹೊಟ್ಟೆ ತನ್ನ ಸ್ಥಾನಕ್ಕೆ ಮರಳಿತು. ಗಂಟು ಕಿರ್ರೆಂದು ಒಮ್ಮೆ ಸದ್ದು ಮಾಡಿ, ಬೆಣಚುಕಲ್ಲಿನಂತೆ ಕೂತುಬಿಟ್ಟಿತು.

ಉಗುರಿನಿಂದ ಕೆದಕಿದೆ. ಉಗುರು ಹೋಯಿತು. ಹೊಟ್ಟೆ ಒಳಗೆಳೆದೆ, ಮೊದಲಿನಷ್ಟು ಬರಲಿಲ್ಲ, ಭಯಕ್ಕೆ ಉಬ್ಬಿಕೊಂಡಿತ್ತೋ ಏನೋ. ಅಷ್ಟರಲ್ಲಿ ಒಳಗಿನಿಂದ ಅಮ್ಮನ ಧ್ವನಿ: "ಲೋ ಶಂಕ್ರೂ, ಕತ್ತಿ ಆಯ್ತೇನೋ? ತಗೊಂಬಾ ಒಳಗೆ."

"ಬಂದೆ ಅಮ್ಮ, ಒಣಗ್ತಾ ಇದೆ!"

"ಕತ್ತಿ ಏನು ಹಪ್ಪಳವೇನೋ, ಒಣಗೋದಕ್ಕೆ?"

ಕತ್ತಿ ಒಳಗೆ ಹೋಗಲೇಬೇಕು. ಅದು ನನ್ನ ಸೊಂಟದಲ್ಲಿತ್ತು, ಮೆಲ್ಲಗೆ ಎಳೆದರೆ ಕುಣಿಕೆಯಲ್ಲಿ ಎಲ್ಲೋ ತಡೆಯುತ್ತಿತ್ತು. ನಾನು ಚರ್ಮದೊಳಗಿದ್ದೆ. ನಾನು ಹೊಸ್ತಿಲು ದಾಟಿದರೆ ಮಗಳ ಶೆಡ್ಡಿಗೆ ಬೀಗ. ದಾಟದೆ ಇಲ್ಲೇ ನಿಂತರೆ ಕೊರಿಯರಿನವರು ಬೆಲ್ಟಿನ ಜೊತೆ ನನ್ನನ್ನೂ ಪೆಟ್ಟಿಗೆಗೆ ಹಾಕಬೇಕು. ಎಲ್ಲೋ ಒಬ್ಬ ಮದುಮಗ ಕತ್ತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಧಾರೆಗೆ ನಿಂತ ಚಿತ್ರ ಕಣ್ಣಮುಂದೆ ಬಂತು.

ನನ್ನ ಹೆಂಡತಿ ಗಿರಿಜಾ ಹೂವಿನ ಬುಟ್ಟಿ ಹಿಡಿದು ಗೇಟಿನಲ್ಲಿ ಬಂದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಏನ್ರೀ ಇದು, ಯಾವ ನಾಟಕ?" ಎಂದಳು. ವಿಷಯ ತಿಳಿದ ಮೇಲೆ ನಗಲಿಲ್ಲ. ಹೆಂಡತಿ ನಗದಿದ್ದಾಗ ಪರಿಸ್ಥಿತಿ ನಿಜಕ್ಕೂ ಕೆಟ್ಟಿದೆಯೆಂದು ಅರ್ಥ. ಅವಳ ಹಿಂದೆಯೇ ಪೆಟ್ಟಿಗೆ ಹೊತ್ತು ಚೇತನಾ ಬಂದಳು. ಬೆಲ್ಟು ನೋಡಿ ಅವಳ ಮುಖ ಬಿಳಿಚಿತು.

"ಅಪ್ಪ, ಏನ್ ಮಾಡ್ಕೊಂಡಿದೀಯ? ಅದು ಗಂಟಾ? ಅಂಥ ಗಂಟು ಯಾವ ಕಾಲದಲ್ಲೂ ಯಾರೂ ಹಾಕಿಲ್ಲ!"

"ಕತ್ತರಿ ತರ್ಲಾ?" ಎಂದಳು ಗಿರಿಜಾ.

"ಅಮ್ಮ, ಬೇಡ! ಬಾಲ ಕತ್ತರಿಸಿದ್ರೆ ಬೆಲ್ಟೇ ಹೋಯ್ತು. ಎಣ್ಣೆಗಿಣ್ಣೆನೂ ಮುಟ್ಟಿಸಬೇಡ, ಕಲೆ ಆಗತ್ತೆ." ಅವಳ ಕಣ್ಣಲ್ಲಿ ನೀರು ನಿಂತಿತ್ತು. ತಾನು ತಿಂಗಳುಗಟ್ಟಲೆ ಕೂತು ಹೊಲಿದದ್ದು ಅಪ್ಪನ ಹೊಟ್ಟೆಯ ಸುತ್ತ ಸಿಕ್ಕಿಕೊಂಡಿರುವುದನ್ನು ನೋಡುವ ಮಗಳಿಗೆ ಯಾವ ತಂದೆಯೂ ಸಮಾಧಾನ ಹೇಳಲಾರ. ಅದೇ ಗಳಿಗೆಗೆ ಕೊರಿಯರಿನವರೂ ಬಂದರು. ನನ್ನ ವಯಸ್ಸಿನವರೇ, ನರೆತ ಮೀಸೆ. ಗೇಟಿನಲ್ಲೇ ನಿಂತು, "ಪಾರ್ಸೆಲ್ ರೆಡಿನಾ ಮೇಡಂ?" ಎಂದರು. ಚೇತನಾ ನನ್ನ ಕಡೆ ಕೈ ತೋರಿಸಿದಳು.

"ಇವ್ರೇನಾ?" ಎಂದರು ಅವರು.

ದಾರಿ ಹೊಳೆದದ್ದು ಗಿರಿಜಾಗೆ. ಬಿಗಿಯಾದ ಬಳೆ ತೆಗೆಯುವಾಗ ಬಳೆ ಅಂಗಡಿಯವರು ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿ ಜಾರಿಸುವುದಿಲ್ಲವೆ? ನಮ್ಮ ಮನೆಯಲ್ಲಿ ಸೀರೆ ಅಂಗಡಿಯ ಕವರುಗಳಿಗೆ ಬರವಿಲ್ಲ. ಹಾಸಿಗೆಯ ಕೆಳಗೆ ಒಂದು ಸಂಸ್ಥಾನವೇ ಇದೆ. "ಮೊದ್ಲು ಆ ಕತ್ತಿ ತೆಗೀರಿ," ಎಂದು ಒಳಗೆ ಓಡಿದಳು. ನಾನು ಒರೆಯನ್ನು ಕುಣಿಕೆಯಿಂದ ಮೇಲಕ್ಕೆಳೆದೆ. ಕುಣಿಕೆಯ ಹಿತ್ತಾಳೆಯ ಮೊಳೆಗೆ ಮಖಮಲ್ಲು ಸಿಕ್ಕಿಕೊಂಡಿತ್ತು. ಪರ್ರನೆ ಗೇಣುದ್ದ ಹರಿಯಿತು.

ಮಖಮಲ್ಲಿನ ಒಳಗೆ ಮರವಿರಬೇಕಿತ್ತು. ನಾವೆಲ್ಲ ಹಾಗೇ ತಿಳಿದಿದ್ದೆವು. ಚೇತನಾ ಬಗ್ಗಿ ನೋಡಿದಳು, ಬೆರಳಿನಿಂದ ಸವರಿದಳು, ಮೂಸಿದಳು. ಆಮೇಲೆ ಬಹಳ ಮೆಲ್ಲಗೆ, "ಅಪ್ಪ, ಇದು ಚರ್ಮ," ಎಂದಳು.

ಕರ್ರಗೆ ಮಾಗಿದ, ಒತ್ತೊತ್ತಾಗಿ ಹೊಲಿದ ಹಳೆಯ ಚರ್ಮ. ಅದಕ್ಕೇ ಅಮ್ಮ ಇಷ್ಟು ವರ್ಷ ಬಿಲ್ವಪತ್ರೆ ಏರಿಸಿದ್ದರು, ಮಂಗಳಾರತಿ ಬೆಳಗಿದ್ದರು. ಅಲ್ಲಿಯವರೆಗೆ ನನಗಿದ್ದ ಭಯ ಶೆಡ್ಡಿನದಾಗಿತ್ತು. ಈಗ ಹುಟ್ಟಿದ್ದು ಬೇರೆಯೇ ಭಯ. ಎಂಬತ್ತು ದಾಟಿದ ಮುದುಕಿಗೆ, ನಿನ್ನ ಪೂಜೆಯೆಲ್ಲ ಚರ್ಮಕ್ಕೆ ಸಂದಿದೆ ಎಂದು ಯಾವ ಬಾಯಿಂದ ಹೇಳುವುದು? "ಅಜ್ಜಿಗೆ ಗೊತ್ತಾಗಬಾರ್ದು," ಎಂದಳು ಚೇತನಾ. ಒರೆಯ ಮೇಲೆ ನನ್ನ ಟವೆಲ್ಲು ಹೊದಿಸಿದೆವು.

ಗಿರಿಜಾ ಕವರುಗಳ ಜೊತೆ ಬಂದಳು. ಬೆಲ್ಟಿನ ಸುತ್ತ ಒಳಗಿನಿಂದ ಒಂದೊಂದಾಗಿ ತೂರಿಸಿದರು. ತಾಯಿ ಒಂದು ಕಡೆ, ಮಗಳು ಇನ್ನೊಂದು ಕಡೆ. "ಉಸಿರು ಬಿಡಿ. ಪೂರ್ತಿ ಬಿಡಿ. ಇನ್ನೂ ಇದೆ, ಬಿಡ್ರೀ!" ಕೊರಿಯರಿನವರು ಗೇಟಿನಿಂದಲೇ, "ಸ್ವಲ್ಪ ಎಡಕ್ಕೆ ತಿರುಗಿ ಸಾರ್," ಎಂದು ಸಲಹೆ ಕೊಟ್ಟರು. ಬೆಲ್ಟು ಸೊಂಟದ ಮೂಳೆಯ ಮೇಲೆ ನಿಂತಿತು, ಯೋಚಿಸಿತು, ಆಮೇಲೆ ಜರ್ರನೆ ಇಳಿಯಿತು. ಅದರೊಡನೆ ಪಂಚೆಯೂ ಇಳಿಯಿತು. ಪಟ್ಟೆ ಚಡ್ಡಿಯಲ್ಲಿ ನಿಂತ ಸೇನಾಪತಿಯನ್ನು ನೋಡಬಾರದೆಂದು ಕೊರಿಯರಿನವರು ಎದುರು ಮನೆಯ ಸಂಪಿಗೆ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವರು ಸಜ್ಜನರು. ಚೇತನಾ ದಬ್ಬಳದ ತುದಿಯಿಂದ ಗಂಟನ್ನು ಎಳೆಯೆಳೆಯಾಗಿ ಸಡಿಲಿಸಿದಳು, ಸುಕ್ಕನ್ನು ಅದಕ್ಕೆಂದೇ ಇಟ್ಟುಕೊಂಡಿದ್ದ ಮೂಳೆಯ ತುಂಡಿನಿಂದ ಉಜ್ಜಿ ಉಜ್ಜಿ ನಯ ಮಾಡಿದಳು, ಪೆಟ್ಟಿಗೆ ಮುಚ್ಚಿದಳು. ಬೆಲ್ಟು ಹೊರಟಿತು. ಮೂವರೂ ಒಟ್ಟಿಗೆ ಉಸಿರುಬಿಟ್ಟೆವು.

"ಆಯ್ತಾ ಎಲ್ಲ?"

ಅಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಕೈ ಚಾಚಿದರು. "ಕೊಡು ಕತ್ತಿ."

ನಾನು ಟವೆಲ್ಲಿನ ಸಮೇತ ಕೊಡಲು ಹೋದೆ. ಅವರು ಟವೆಲ್ಲನ್ನು ಎಳೆದು ಪಕ್ಕಕ್ಕೆ ಹಾಕಿದರು. ಹರಿದ ಜಾಗದ ಮೇಲೆ ಅವರ ಬೆರಳು ನಿಧಾನವಾಗಿ ಓಡಿತು, ಚರ್ಮದ ಮೇಲೆ ನಿಂತಿತು. ಚೇತನಾ ನನ್ನ ತೋಳು ಹಿಡಿದುಕೊಂಡಳು.

"ಹರಿದ್ಬಿಟ್ಯಲ್ಲೋ," ಎಂದರು ಅಮ್ಮ. "ಮದುವೆಯಾಗಿ ಬಂದ ವರ್ಷ ನಾನೇ ಹೊಲಿದಿದ್ದು ಈ ಮಖಮಲ್ಲು. ನನ್ನ ಕುಪ್ಪಸದ ಬಟ್ಟೆ."

"ಅಂದ್ರೆ ಅಜ್ಜಿ, ಒಳಗಿರೋದು ನಿಂಗೆ ಗೊತ್ತಿತ್ತಾ?"

"ನಮ್ಮತ್ತೆ ಹೇಳಿದ್ರು, ಕಾಣದ ಹಾಗೆ ಹೊದಿಸಿಡು ಅಂತ. ಅವರಿಗೂ ಗೊತ್ತಿತ್ತು. ಗೊತ್ತಿಲ್ದೇ ಇದ್ದೋರು ಈ ಮನೆ ಗಂಡಸ್ರು ಮಾತ್ರ." ಒರೆಯನ್ನು ಮೊಮ್ಮಗಳ ಕೈಗಿಟ್ಟರು. "ನಿನ್ ಹೊಲಿಗೆ ಚೆನ್ನಾಗಿರತ್ತಲ್ಲ. ದೀಪ ಹಚ್ಚೋದ್ರೊಳಗೆ ಹೊಲಿದು ಕೊಡು. ಒಳಗೇ ಕೂತ್ಕೊಂಡು ಹೊಲಿ, ಶೆಡ್ಡಲ್ಲಿ ಬೆಳಕಿಲ್ಲ."

ಚೇತನಾ ಒರೆಯನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿದಳು. ಹಿಂದೆ ಗಿರಿಜಾ ದಾಟಿದಳು. ಎಲ್ಲ ಸುಖಾಂತವಾಯಿತೆಂದು ನಾನೂ ಪಂಚೆ ಬಿಗಿದುಕೊಂಡು ಮೆಟ್ಟಿಲು ಹತ್ತಿದೆ. ಅಮ್ಮ ಅಡ್ಡ ನಿಂತರು.

"ನೀನೆಲ್ಲಿಗೋ? ಇಷ್ಟು ಹೊತ್ತು ಚರ್ಮ ಕಟ್ಕೊಂಡಿದ್ಯಲ್ಲ."

"ಅಮ್ಮ, ಆ ಒರೆ ಒಳಗೆ ಹೋಯ್ತಲ್ಲ!"

"ಒರೆಗೆ ಮಖಮಲ್ಲಿದೆ. ನಿಂಗೇನಿದೆ? ಹಿತ್ತಲಿಗೆ ಹೋಗಿ ತಲೆ ಮೇಲೆ ನೀರು ಹುಯ್ಕೊಂಡು ಬಾ."

ಒಪ್ಪಂದ ಮಾಡಿಸಿದವನ ಪರವಾಗಿ ಒಪ್ಪಂದದಲ್ಲಿ ಒಂದು ಮಾತಾದರೂ ಇದೆಯೇ ಎಂದು, ಹಿತ್ತಲ ಕಲ್ಲಿನ ಮೇಲೆ ತಣ್ಣೀರು ಹುಯ್ದುಕೊಳ್ಳುತ್ತ ಬಹಳ ಯೋಚಿಸಿದೆ. ಇರಲಿಲ್ಲ. ಉಡುದಾರವನ್ನು ಮುಟ್ಟಿ ನೋಡಿಕೊಂಡೆ. ಅದು ಮಾತ್ರ ಹುಟ್ಟಿದಾಗ ಅಮ್ಮ ಕಟ್ಟಿದ ಜಾಗದಲ್ಲೇ, ಸಡಿಲವಾಗಿ, ಯಾವ ತಕರಾರೂ ಇಲ್ಲದೆ ಕೂತಿತ್ತು.